ನೀರುಗಂಟಿ ಎಸೆನಾಲಿ ಕದಿಯದ ಆರು ಗಂಟೆ ನೀರು

ನೀರಾವರಿ ಡಿಜಿಟಲೀಕರಣ ಇಲಾಖೆಯ ಮಾನ್ಯ ನಿರ್ದೇಶಕರೇ,

ತಲಾಸ್ ಕಣಿವೆಯ ಕಾರಾ-ಬುಲುಂಗ್ ಹಳ್ಳಿಯ ನೀರುಗಂಟಿ ಎಸೆನಾಲಿ ನೀರು ಕದ್ದಿಲ್ಲ. ಕಳ್ಳತನ ಆಗಿರುವುದು ನಿಜ. ಅದು ನಡೆದದ್ದು ರಾಜಧಾನಿ ಬಿಷ್ಕೆಕ್‌ನಲ್ಲಿ, ತಮ್ಮ ಕಚೇರಿಯ ನಾಲ್ಕನೇ ಮಹಡಿಯಲ್ಲಿ, ಹಾಡಹಗಲಿನಲ್ಲಿ, ಏಸಿಯ ತಂಪಿನಲ್ಲಿ. ನಮ್ಮ ತಂತ್ರಾಂಶವನ್ನು ಎತ್ತಿಕೊಂಡಿರಿ, ಅದರಲ್ಲಿದ್ದ ಹೆಸರುಗಳನ್ನು ಒರೆಸಿದಿರಿ, ಅರ್ಥವಾಗದ್ದನ್ನು ಕತ್ತರಿಸಿ ಬಿಸಾಡಿದಿರಿ. ಅದು ಕೆಟ್ಟು ಕೂತಾಗ ಪಾಪವನ್ನು ಅರವತ್ತೆಂಟು ವರ್ಷದ ಮುದುಕರೊಬ್ಬರ ತಲೆಗೆ ಕಟ್ಟಿದಿರಿ. ಬರುವ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಹಳ್ಳಿಯ ಹಿರಿಯರ ನ್ಯಾಯಕೂಟ ಅವರನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಲಿದೆ: "ನೀರನ್ನು ಯಾರಿಗೆ ಕೊಟ್ಟೆ?" ನಲವತ್ತು ವರ್ಷ ಒಂದೇ ಕಾಲುವೆಯ ದಡದಲ್ಲಿ ನಡೆದ ಮನುಷ್ಯ ಆ ಪ್ರಶ್ನೆಗೆ ತಲೆ ತಗ್ಗಿಸಿ ನಿಲ್ಲಬೇಕು. ತಾವು ಅವತ್ತು ಯಾವ ಉದ್ಘಾಟನೆಯಲ್ಲಿರುತ್ತೀರೋ ಗೊತ್ತಿಲ್ಲ.

ಲಕೋಟೆಯಲ್ಲಿಟ್ಟು ಮೂರು ಪತ್ರ ಕಳಿಸಿದೆ. ಮೂರಕ್ಕೂ "ಸ್ವೀಕರಿಸಲಾಗಿದೆ" ಎಂಬ ಮೊಹರು ಬಿತ್ತು, ಉತ್ತರ ಬರಲಿಲ್ಲ. ಹಾಗಾಗಿ ಈ ನಾಲ್ಕನೆಯದನ್ನು ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ತಾವು ಎಂಬ ಮರ್ಯಾದೆಯೂ ಇಷ್ಟಕ್ಕೆ ಸಾಕು. ಇನ್ನು ಮುಂದೆ ನೀವು.

ನನ್ನ ಹೆಸರು ಅನಾರ್ಕುಲ್. ವಾರವೆಲ್ಲ ಬಿಷ್ಕೆಕ್‌ನ ಒಂದು ಬ್ರೆಡ್ ಕಾರ್ಖಾನೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ, ಭಾನುವಾರ ಕೆಜೆಕ್ ನೋಡಿಕೊಳ್ಳುತ್ತೇನೆ. ಕೆಜೆಕ್ ಅಂದರೆ ಸರದಿ. ಕಾಲುವೆಯ ನೀರು ಯಾರ ಹೊಲಕ್ಕೆ ಯಾವಾಗ ಎಂದು ಹೇಳುವ ನಮ್ಮ ತಂತ್ರಾಂಶದ ಹೆಸರೂ ಅದೇ. ಕಾರಾ-ಬುಲುಂಗ್ ನನ್ನ ತಾಯಿಯ ಊರು. ನಾಲ್ಕು ವರ್ಷದ ಹಿಂದಿನ ವಸಂತದಲ್ಲಿ ಅಲ್ಲಿಗೆ ಹೋಗಿದ್ದಾಗ ನೀರಿನ ಸರದಿಯನ್ನು ರೈತರ ನೀರು ಸಂಘದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಬರೆದ ಅರ್ಧ ಗಂಟೆಗೆ ಯಾರದೋ ಭುಜ ತಾಗಿ ಯಾರದೋ ಹೆಸರು ಮಾಯ. ಆಮೇಲೆ ಬೀನ್ಸ್ ಹೊಲಗಳ ನಡುವೆ ಗುದ್ದಲಿ ಹಿಡಿದು ಜಗಳ. ಇದಕ್ಕೊಂದು ದಾರಿ ಮಾಡೋಣ ಎಂದು ನಾನು ಊರಿನ ಹಿರಿಯಣ್ಣ ಎಸೆನಾಲಿ ಬೈಕೆಯವರ ಹತ್ತಿರ ಹೋದೆ. ನಿಮಗಿದ್ದಷ್ಟೇ ಜಂಬ ಅವತ್ತು ನನಗೂ ಇತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ.

"ಸುಲಭ ಬೈಕೆ," ಅಂದೆ. "ಇಪ್ಪತ್ನಾಲ್ಕು ಹೊಲ, ಹೊಲಕ್ಕೆ ಒಂದೊಂದ್ ಗಂಟೆ. ಒಂದು ದಿನದಲ್ಲಿ ಒಂದ್ ಸುತ್ತು ಮುಗೀತು. ಇವತ್ತೇ ಮಾಡ್ಕೊಡ್ತೀನಿ."

ಅವರು ಟೋಪಿ ಸರಿ ಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪಟ್ಟಣದೋರ್ ಲೆಕ್ಕ ಚೆನ್ನಾಗಿರತ್ತೆ ಮಗಳೇ. ನೀರಿಗೂ ಒಂದ್ ಮಾತು ಹೇಳ್ಬಿಡು, ಒಪ್ಕೊಳ್ಳತ್ತಾ ಕೇಳು. ಒಪ್ಪಿದ್ರೆ ನಂದೇನೂ ಅಡ್ಡಿ ಇಲ್ಲ."

"ನೀರನ್ನ ಎಲ್ಲಿ ಕೇಳೋದು?"

"ಆ ಚಪ್ಪಲಿ ಬಿಚ್ಚಿ ರಬ್ಬರ್ ಗಾಲೋಶ್ ಹಾಕ್ಕೋ. ನಡಿ."

ನಡೆದೆ. ಮೇಲಿನ ತೂಬಿನಿಂದ ಕಾಲುವೆಯ ಕೊನೆಯವರೆಗೆ, ಮೊಣಕಾಲವರೆಗೆ ಕೆಸರು ಮಾಡಿಕೊಂಡು, ಕೈಯಲ್ಲಿ ಗಡಿಯಾರ ಹಿಡಿದು. ಒಂದು ಹೊಲದ ಸರದಿ ಮುಗಿದ ಕೂಡಲೇ ಅವರು ತೂಬಿನ ಹಲಗೆ ಇಳಿಸುತ್ತಿದ್ದರು, ಸಂದಿಗೆ ಮಣ್ಣು ಒದೆಯುತ್ತಿದ್ದರು, ಮುಂದಿನ ತೂಬಿಗೆ ನಡೆಯುತ್ತಿದ್ದರು. ನಡುವಿನ ಕಾಲುವೆ ಬರೀ ಹರಳುಕಲ್ಲು. ಒಣಗಿದ ಆ ಕಲ್ಲು ಮೊದಲು ಹೊಟ್ಟೆ ತುಂಬ ಕುಡಿಯುತ್ತದೆ, ಆಮೇಲೆ ನೀರನ್ನು ಮುಂದಕ್ಕೆ ಬಿಡುತ್ತದೆ.

"ನೀರು ಬಂತಲ್ಲ, ಇನ್ನೂ ಯಾಕೆ ಕಾಯ್ತಿದೀರಾ?" ಎಂದು ಕೇಳಿದೆ.

"ಬಂದಿದ್ದು ನಾಕು ತೊಟ್ಟು. ಕಾಲುವೆ ಇನ್ನೂ ಕುಡೀತಿದೆ ನೋಡು. ಮನೆಗೆ ಬಂದೋರಿಗೆ ಮೊದ್ಲು ಚಹಾ, ಆಮೇಲೆ ವಿಷ್ಯ, ಅಲ್ವಾ? ಇದಕ್ಕೂ ಅಷ್ಟೇ. ಇದರ ಚಹಾ ಮುಗಿದ್ ಮೇಲೇನೆ ನಿನ್ನ ಗಂಟೆ ಶುರು."

ಪ್ರತಿ ತೂಬಿನಲ್ಲೂ ಬರೆದುಕೊಂಡೆ. ಹದಿನಾಲ್ಕು ನಿಮಿಷ, ಹದಿನಾರು, ಹದಿನೈದು, ಹದಿನೈದು. ಅಂದರೆ ಹೊಲಕ್ಕೆ ಒಂದು ಗಂಟೆ ನೀರು ಸಿಗಬೇಕಾದರೆ ಒಂದೂ ಕಾಲು ಗಂಟೆ ಬೇಕು, ಒಂದು ಸುತ್ತಿಗೆ ಮೂವತ್ತು ಗಂಟೆ ಬೇಕು. ನನ್ನ ಇಪ್ಪತ್ನಾಲ್ಕು ಗಂಟೆಯ ಜಂಬ ಅಲ್ಲೇ ಕೊಚ್ಚಿಹೋಯಿತು. ಬಿಷ್ಕೆಕ್‌ಗೆ ಬಂದು ಪ್ರತಿ ಎರಡು ಹೊಲಗಳ ನಡುವೆ ಆ ಹದಿನೈದು ನಿಮಿಷ ಸೇರಿಸುವ ಕೋಡ್ ಬರೆದೆ. ಆ ತುಣುಕಿಗೆ "ಚಹಾ" ಎಂದು ಹೆಸರಿಟ್ಟೆ. ಈ ಕಸುಬಿನವರು ಹೀಗೆಯೇ. ಕೋಡಿನ ಒಳಗೆ ನಗೆ ಬಚ್ಚಿಡುತ್ತೇವೆ. ಮುಂದೆ ಓದುವವನೂ ನಮ್ಮಂಥವನೇ, ನಕ್ಕು ವಿವರಣೆ ನೋಡುತ್ತಾನೆ ಎಂದು ನಂಬುತ್ತೇವೆ.

ಮಿಕ್ಕ ಕೆಲಸಕ್ಕೆ ಟೋಕ್ಮೋಕ್‌ನ ಸ್ಲಾವಾ ಕೈಜೋಡಿಸಿದ. ಹಳೆಯ ಟೆಲಿಫೋನ್ ಕೇಂದ್ರದಲ್ಲಿ ರಿಪೇರಿ ಮಾಡುತ್ತಿದ್ದವನು, ನಿವೃತ್ತನಾದ ಮೇಲೆ ಸುಮ್ಮನೆ ಕೂರಲು ಬಾರದವನು. ಸಂಘದ ಕಚೇರಿಯಲ್ಲಿ ಇದ್ದದ್ದು ಮುದಿ ವಿಂಡೋಸ್ ಯಂತ್ರ. ಅದರ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿ, ದಿನಾ ಬೆಳಿಗ್ಗೆ ಅದು ಜನವರಿ ಒಂದನೇ ತಾರೀಕಿಗೆ ಏಳುತ್ತಿತ್ತು. ಶಾಲೆಯಲ್ಲಿ ಯಾರೋ ದಾನ ಕೊಟ್ಟ ಲಿನಕ್ಸ್ ಯಂತ್ರಗಳು. ಜನರ ಜೇಬಿನಲ್ಲಿ ಗಾಜು ಒಡೆದ ಫೋನುಗಳು. ಒಂದೇ ಲೆಕ್ಕ ಈ ಮೂರರಲ್ಲೂ ಒಂದೇ ಉತ್ತರ ಕೊಡಬೇಕು. ಸ್ಲಾವಾ ಹೇಳುತ್ತಿದ್ದ, "ಮೂರು ಪೆಟ್ಟಿಗೆ ಮೂರು ಟೈಮ್ ತೋರಿಸಿದ್ರೆ ಕಾಲುವೆ ಹತ್ರ ಮೂರು ಗುದ್ದಲಿ ಎದ್ದೇಳತ್ತೆ ಅನಾರ್ಕುಲ್. ಫೋನಿಂದೂ ಸರಿಯಾಗೋವರ್ಗೂ ನಾನು ಏನನ್ನೂ ಹೊರಗ್ ಬಿಡಲ್ಲ." ಆ ಒಂದು ಕಾರಣಕ್ಕೆ ನಾವು ಎಂಟು ತಿಂಗಳು ಕಾದೆವು. ಕಾದದ್ದಕ್ಕೆ ಫಲವೂ ಸಿಕ್ಕಿತು. ಕಾಲುವೆಯ ಕಟ್ಟಕಡೆಯ ಹೊಲದ ಬುಆಜಾರ್ ಎಜೆ, ಊರಿಗೆಲ್ಲ ಅಕ್ಕ, ಹಿಟ್ಟು ನಾದುತ್ತಲೇ ಫೋನು ನೋಡಿ, ನೀರು ಈಗ ಹದಿನೇಳನೇ ಹೊಲದಲ್ಲಿದೆ, ತನ್ನ ಹೊಲಕ್ಕೆ ನಾಳೆ ಬೆಳಿಗ್ಗೆ ಎಂದು ಹೇಳಬಲ್ಲವರಾದರು. ಮೂರು ಬೇಸಿಗೆ ಆ ಕಾಲುವೆಯಲ್ಲಿ ಒಂದೇ ಒಂದು ಗುದ್ದಲಿ ಮೇಲೇಳಲಿಲ್ಲ.

ಕೆಜೆಕ್ ಮುಕ್ತ ತಂತ್ರಾಂಶ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಲೈಸೆನ್ಸ್ ಒಂದೇ ಪುಟದ್ದು, ಕೇಳುವುದು ಎರಡೇ ಮಾತು: ಮಾಡಿದವರ ಹೆಸರು ಅಳಿಸಬೇಡಿ, ನೀವು ತಿದ್ದಿದ್ದನ್ನು ಬಳಸುವವರಿಗೆ ತೋರಿಸಿ. ಹೆಸರುಗಳ ಪಟ್ಟಿಯಲ್ಲಿ ಮೊದಲನೆಯದು ಎಸೆನಾಲಿಯವರದು. ಅವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಆದರೆ ಆ ಹದಿನೈದು ನಿಮಿಷ ಅವರದು, ಹಾಗಾಗಿ ಪಟ್ಟಿಯ ತಲೆಯೂ ಅವರದೇ. ಏಳು ತಲೆಮಾರಿನ ಹೆಸರು ಹೇಳಲು ಬಾರದವನನ್ನು ನಮ್ಮಲ್ಲಿ ಗುಲಾಮ ಎಂದು ಕರೆಯುತ್ತಾರೆ ಅನ್ನುವುದು ನಿಮಗೂ ಗೊತ್ತು. ನಿಮ್ಮ ಅಜ್ಜನೂ ನಿಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಏಳು ಹೆಸರು ಬಾಯಿಪಾಠ ಮಾಡಿಸಿಯೇ ಇರಬೇಕು. ಅಂಥ ನಾಡಿನ ಅಧಿಕಾರಿ ಇನ್ನೊಬ್ಬರು ಹೆತ್ತದ್ದನ್ನು ಎತ್ತಿಕೊಂಡು ಬಂದು, ಹೆತ್ತವರ ಹೆಸರು ಒರೆಸಿ, ತನ್ನ ಮನೆತನದ ಹೆಸರು ಹಚ್ಚುತ್ತಾನೆಂದರೆ ಅವನ ಅಜ್ಜನಿಗೆ ಹೇಗನ್ನಿಸಿರಬೇಡ?

ಕಳೆದ ಶರತ್ಕಾಲದಲ್ಲಿ ನೀವು ವೇದಿಕೆ ಹತ್ತಿದಿರಿ. "ಸ್ಮಾರ್ಟ್ ನೀರು, ನಮ್ಮ ಇಲಾಖೆಯ ಸ್ವಂತ ಸೃಷ್ಟಿ" ಎಂದಿರಿ. ನಾನು ಟೀವಿಯ ಮುಂದೆ ಕೂತು ಸೂಪು ಕುಡಿಯುತ್ತಿದ್ದೆ. ನಿಮ್ಮ ಹಿಂದಿನ ದೊಡ್ಡ ಪರದೆಯಲ್ಲಿ ಹೊಲಗಳ ಪಟ್ಟಿ ಒಂದೊಂದಾಗಿ ಮೇಲೇರುತ್ತ ಬಂದು ಕೊನೆಗೆ ಇಪ್ಪತ್ತೈದನೆಯದು ಕಾಣಿಸಿತು: "ಅಮ್ಮನ ಈರುಳ್ಳಿ ಪಾತಿ". ಚಮಚ ಕೈಯಲ್ಲೇ ನಿಂತಿತು. ಅದು ನಾನು ಪರೀಕ್ಷೆಗೆಂದು ಹಾಕಿ ತೆಗೆಯಲು ಮರೆತಿದ್ದ ಸಾಲು. ನಿರ್ದೇಶಕರೇ, ನನ್ನ ತಾಯಿ ನಿಮ್ಮ ಇಲಾಖೆಗೆ ಯಾವತ್ತು ಈರುಳ್ಳಿ ಬೆಳೆದುಕೊಟ್ಟಳು? ಸ್ವಂತ ಸೃಷ್ಟಿಯ ಒಳಗೆ ಯಾರದೋ ಅಮ್ಮನ ಈರುಳ್ಳಿ ಹೇಗೆ ಬಂತು ಎಂದು ಆ ಸಭೆಯಲ್ಲಿ ಒಬ್ಬರಾದರೂ ಕೇಳಬಾರದಿತ್ತೇ? ಕೇಳಲಿಲ್ಲ. ಚಪ್ಪಾಳೆ ತಟ್ಟಿದರು. ನಿಮಗೆ ಬಹುಮಾನ ಬಂತು.

ಕದ್ದದ್ದು ಅಷ್ಟಕ್ಕೇ ಇದ್ದಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದೆ. ನೀವು ಅದನ್ನು ಸುಧಾರಿಸಿದಿರಿ. ಆ ಭಾಷಣದ ನಿಮ್ಮ ಮಾತು ನನಗೆ ಬಾಯಿಪಾಠವಾಗಿದೆ: "ಹಳೆಯ ಪದ್ಧತಿಯಲ್ಲಿ ಪ್ರತಿ ಹೊಲದ ನಡುವೆ ಹದಿನೈದು ನಿಮಿಷ ಚಹಾ ವಿರಾಮಕ್ಕೆ ಪೋಲಾಗುತ್ತಿತ್ತು. ನಾವು ಆ ಸೋಮಾರಿತನವನ್ನು ತೆಗೆದುಹಾಕಿದ್ದೇವೆ. ಮೂವತ್ತು ಗಂಟೆಯ ಸುತ್ತು ಈಗ ಇಪ್ಪತ್ನಾಲ್ಕು ಗಂಟೆಗೆ ಮುಗಿಯುತ್ತದೆ. ಆರು ಗಂಟೆಯ ನೀರು ಉಳಿತಾಯ!" ಆರು ಗಂಟೆಯ ನೀರನ್ನು ಉಳಿಸಿ ಎಲ್ಲಿಟ್ಟಿರಿ ಸ್ವಾಮಿ? ನಿಮ್ಮ ಮೇಜಿನ ಖಾನೆಯಲ್ಲಿಯೇ? "ಚಹಾ" ಎಂಬ ಹೆಸರಿನ ಕೆಳಗೆ ನಾನು ನಾಲ್ಕು ಸಾಲು ವಿವರಣೆ ಬರೆದಿದ್ದೆ: ಇದು ನೀರು ಮುಂದಿನ ತೂಬು ಮುಟ್ಟುವ ಸಮಯ, ದಯವಿಟ್ಟು ಮುಟ್ಟಬೇಡಿ ಎಂದು. ಹೆಸರುಗಳನ್ನು ಒರೆಸುವ ಅವಸರದಲ್ಲಿ ನಿಮ್ಮವರು ವಿವರಣೆಗಳನ್ನೂ ಒರೆಸಿದ್ದರು. ಆಮೇಲೆ ಉಳಿದ ಒಂದು ಪದ ನೋಡಿ ಹಳ್ಳಿಯವರು ಸೋಮಾರಿಗಳೆಂದು ತೀರ್ಪು ಕೊಟ್ಟರು. ಕಾಲುವೆಯ ದಡದಲ್ಲಿ ಒಂದು ಸಲ ನಡೆದಿದ್ದರೆ ಸಾಕಿತ್ತು. ನಿಮ್ಮ ಬೂಟಿಗೆ ಕೆಸರಾಗುತ್ತಿತ್ತು, ಅಷ್ಟೇ.

ಇನ್ನೊಂದು ಸುಧಾರಣೆಯನ್ನೂ ಮಾಡಿದಿರಿ. ಸ್ಮಾರ್ಟ್ ನೀರು ನಿಮ್ಮ ಇಲಾಖೆ ಹಂಚಿದ ಹೊಸ ಯಂತ್ರದಲ್ಲಿ ಮಾತ್ರ ಓಡುತ್ತದೆ. ಶಾಲೆಯ ಯಂತ್ರದಲ್ಲಿ ಓಡದು, ಫೋನಿನಲ್ಲಿ ಓಡದು. "ಭದ್ರತೆಯ ದೃಷ್ಟಿಯಿಂದ" ಎಂದು ಸುತ್ತೋಲೆ ಬಂತು. ಅರವತ್ತೆರಡು ಹಳ್ಳಿಗಳಲ್ಲಿ ಊರಿಗೊಂದು ಯಂತ್ರ, ಅದಕ್ಕೊಂದು ಕೋಣೆ, ಕೋಣೆಗೊಂದು ಬೀಗ, ಬೀಗದ ಕೈ ಸಂಘದ ಕಾರ್ಯದರ್ಶಿಯ ಸೊಂಟದಲ್ಲಿ. ಕೆಜೆಕ್ ಬಳಸುವುದು ಅಪರಾಧ ಎಂದೂ ಬರೆದಿದ್ದಿರಿ. ಬುಆಜಾರ್ ಎಜೆ ಹಿಟ್ಟು ನಾದುತ್ತ ನೋಡುತ್ತಿದ್ದ ಫೋನು ಕುರುಡಾಯಿತು. ನೀರು ಎಲ್ಲಿದೆ ಎಂದು ಯಾರೂ ನೋಡಲಾರದ ಮೇಲೆ ಯಾರನ್ನು ಬೇಕಾದರೂ ಕಳ್ಳ ಎನ್ನಬಹುದು, ಅಲ್ಲವೇ?

ಜುಲೈನಲ್ಲಿ ಆದದ್ದು ಇಷ್ಟು. ನಿಮ್ಮ ಯಂತ್ರ ಹೊಲಕ್ಕೊಂದು ಗಂಟೆಯಂತೆ ಇಪ್ಪತ್ನಾಲ್ಕು ಚೀಟಿ ಮುದ್ರಿಸಿತು. ಎಸೆನಾಲಿಯವರು ಎಂದಿನಂತೆ ಹೊಲಕ್ಕೆ ಪೂರಾ ಒಂದು ಗಂಟೆ ನೀರು ಕೊಡುತ್ತ ನಡೆದರು. ಇಪ್ಪತ್ನಾಲ್ಕು ಗಂಟೆ ತುಂಬುವಾಗ ಅವರು ಹತ್ತೊಂಬತ್ತು ಹೊಲ ಮುಗಿಸಿದ್ದರು. ಅಷ್ಟರಲ್ಲಿ ಮೇಲಿನ ಹೊಲದವರು ಹೊಸ ಚೀಟಿ ಹಿಡಿದು ಬಂದು ಮೇಲಿನ ತೂಬು ಎತ್ತಿದರು. ಅವರದೂ ತಪ್ಪಲ್ಲ, ಚೀಟಿಯ ಮೇಲೆ ಸರಕಾರದ ಲಾಂಛನವಿತ್ತು. ಕಾಲುವೆಯ ಕೊನೆಯ ಐದು ಹೊಲಕ್ಕೆ ಸುತ್ತು ಸುತ್ತಿಗೂ ನೀರಿಲ್ಲ. ಬೀಗ ಹಾಕಿದ ಕೋಣೆಯ ಒಳಗೆ, ಪರದೆಯ ಮೇಲೆ, ಇಪ್ಪತ್ನಾಲ್ಕು ಹೊಲಗಳೂ ಹಚ್ಚಹಸಿರು: "ಸರದಿ ಪೂರ್ಣಗೊಂಡಿದೆ".

ಮೂರನೇ ಸುತ್ತಿನ ದಿನ ಬುಆಜಾರ್ ಎಜೆ ಕಾಲುವೆಗೆ ಬಂದರು. ಬೀನ್ಸ್ ಹೂವು ಉದುರುತ್ತಿತ್ತು. ಅವರು ಕಾರ್ಯದರ್ಶಿಯನ್ನು ಕೇಳಿ ಬಂದಿದ್ದರು. ಯಂತ್ರದ ಪ್ರಕಾರ ನಿಮ್ಮ ಹೊಲಕ್ಕೆ ನೀರು ಬಂದಾಗಿದೆ ಎಂದು ಅವನು ಹೇಳಿ ಕಳಿಸಿದ್ದ.

"ಎಲ್ಲಿ ನನ್ ನೀರು?" ಎಂದು ಎಸೆನಾಲಿಯವರನ್ನು ಕೇಳಿದರಂತೆ. "ಯಾರಿಗೆ ತಿರುಗಿಸ್ದೆ? ಹೇಳು!"

"ಎಜೆ, ನೀರು ನಿನ್ ತನಕ ಬರೋಕ್ ಟೈಮೇ ಸಾಲ್ತಿಲ್ಲ. ಚೀಟಿ ತಪ್ಪು. ನಾನು ಕಾರ್ಯದರ್ಶಿಗೆ ಮೂರ್ ಸಲ ಹೇಳ್ದೆ."

"ಚೀಟಿ ತಪ್ಪಂತೆ! ನಲ್ವತ್ ವರ್ಷ ನಿನ್ನ ನಂಬಿದ್ ನಾನು ತಪ್ಪು!" ಎಂದು ಎಸೆನಾಲಿಯವರ ತಲೆಯ ಮೇಲಿನ ಬಿಳಿ ಕಲ್ಪಾಕ್ ಟೋಪಿ ಕಿತ್ತು ಕಾಲುವೆಗೆ ಎಸೆದರು.

ಕಿರ್ಗಿಜ್ ಗಂಡಸಿನ ಕಲ್ಪಾಕನ್ನು ನೆಲದ ಮೇಲೆ ಕೂಡ ಇಡುವುದಿಲ್ಲ, ಅದು ನಿಮಗೂ ಗೊತ್ತು. ಎಸೆನಾಲಿಯವರು ನೀರಿಗಿಳಿದು ಅದನ್ನು ಎತ್ತಿಕೊಂಡರು, ಹಿಂಡಿದರು, ಮನೆಗೆ ಹೋದರು. ಅಂದಿನಿಂದ ಅವರು ಬರಿತಲೆಯಲ್ಲೇ ತಿರುಗುತ್ತಿದ್ದಾರೆ.

ಆಮೇಲೆ ನಿಮ್ಮ ಇಂಜಿನಿಯರ್ ಬಂದ. ಹಳ್ಳಿಯ ಸಭೆಯಲ್ಲಿ ನಾನೂ ಇದ್ದೆ. ಎಸೆನಾಲಿಯವರು ಎದ್ದು ನಿಂತು ಹದಿನೈದು ನಿಮಿಷದ ವಿಷಯ ಬಿಡಿಸಿ ಹೇಳಿದರು, ಕಲ್ಲು ಕುಡಿಯುವುದನ್ನು ಹೇಳಿದರು. ನಿಮ್ಮ ಇಂಜಿನಿಯರ್ ಫೋನು ನೋಡುತ್ತಲೇ ಕೇಳಿಸಿಕೊಂಡ.

"ಅಜ್ಜಾ," ಎಂದ ಕೊನೆಗೆ, "ಯಂತ್ರ ಸುಳ್ಳು ಹೇಳಲ್ಲ. ಅದಕ್ಕೆ ನೆಂಟರಿಲ್ಲ, ಇಷ್ಟರಿಲ್ಲ."

ಜನ ನಕ್ಕರು. ನಾನು ಎದ್ದೆ. "ತಮ್ಮಾ, ಯಂತ್ರಕ್ಕೆ ಹೇಳ್ಕೊಟ್ಟೋರಿಗೆ ಕಾಲಿದ್ಯಾ? ಒಂದ್ಸಲ ಕಾಲುವೆ ಉದ್ದಕ್ಕೂ ನಡೀರಿ. ನಾನೂ ಬರ್ತೀನಿ."

"ಎಜೆ, ನನ್ ಕಾರು ಕಾಯ್ತಿದೆ."

ಕಾರು ಹೋಯಿತು. ಮರುದಿನ ನಿಮ್ಮ ಸಹಿ ಇದ್ದ ಕಾಗದ ಬಂತು: ನೀರುಗಂಟಿಯನ್ನು ಕೆಲಸದಿಂದ ತೆಗೆಯಲಾಗಿದೆ, ನೀರಿನ ಕಳವಿನ ವಿಚಾರಣೆಯನ್ನು ಹಿರಿಯರ ನ್ಯಾಯಕೂಟಕ್ಕೆ ಒಪ್ಪಿಸಲಾಗಿದೆ.

ನಾನು ನಿಮ್ಮ ಕಚೇರಿಗೆ ಬಂದೆ. ನಿಮ್ಮ ದರ್ಶನವಾಗಲಿಲ್ಲ, ನಿಮ್ಮ ಸಹಾಯಕರ ದರ್ಶನವಾಯಿತು. ಅವರು ಬಹಳ ಸಭ್ಯರು, ಬಿಸ್ಕತ್ತು ಕೊಟ್ಟರು.

"ಅದು ಫ್ರೀ ಅಲ್ವಾ ಎಜೆ?" ಎಂದರು. "ನೀವೇ ಬರೆದಿದೀರಿ, ಯಾರ್ ಬೇಕಾದ್ರೂ ತಗೋಬಹುದು ಅಂತ. ತಗೊಂಡ್ರೆ ಗಲಾಟೆ ಮಾಡ್ತೀರಲ್ಲ!"

"ಬೀದಿ ನಲ್ಲಿ ನೀರೂ ಫ್ರೀ. ಕುಡೀರಿ, ಬೇಡ ಅನ್ನಲ್ಲ. ನಲ್ಲೀನೇ ಕಿತ್ಕೊಂಡ್ ಹೋಗಿ ಮನೇಲಿ ಹಾಕ್ಕೊಂಡು, ಇದು ನಮ್ಮಪ್ಪಂದು ಅಂದ್ರೆ?"

"ನೋಡಿ, ಹೆಸರು ಗಿಸರು ಅಂತೆಲ್ಲ ಸಣ್ಣ ವಿಷಯಕ್ಕೆ..."

"ಹೆಸರಿನ ಮಾತು ಆಮೇಲೆ. ಮುದುಕರನ್ನ ಕಳ್ಳ ಅಂತಿದೀರಿ. ತಪ್ಪು ನಿಮ್ ಕೋಡಿಂದು. ಬನ್ನಿ, ಈಗ್ಲೇ ತೋರಿಸ್ತೀನಿ, ಐದ್ ನಿಮಿಷ ಸಾಕು."

"ಸೋರ್ಸ್ ಕೋಡ್ ಸರಕಾರಿ ಗುಟ್ಟು," ಎಂದರು ಅವರು ಸ್ವಲ್ಪವೂ ನಗದೆ. ನಾನೇ ಬರೆದ ಕೋಡು ನನಗೇ ಗುಟ್ಟು! ಬಿಸ್ಕತ್ತನ್ನು ಅವರ ತಟ್ಟೆಯಲ್ಲೇ ಇಟ್ಟು ಬಂದೆ.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಆ ತುಣುಕಿಗೆ ನಾನು ಗಂಭೀರವಾದ, ಉದ್ದನೆಯ, ಯಾರಿಗೂ ಅರ್ಥವಾಗದ ಹೆಸರಿಟ್ಟಿದ್ದರೆ ನಿಮ್ಮವರು ಹೆದರಿ ಮುಟ್ಟುತ್ತಿರಲಿಲ್ಲ. ನನ್ನ ನಗೆಯಿಂದ ಎಸೆನಾಲಿಯವರ ಮಾನ ಹೋಯಿತು ಎಂಬ ಸಂಕಟ ನನ್ನನ್ನು ತಿನ್ನುತ್ತಿದೆ. ಇದನ್ನು ಅವರಿಗೇ ಹೇಳಿದೆ. "ಬಿಡು ಮಗಳೇ," ಎಂದರು. "ನೀರು ಒಂದ್ ಕಡೆ ನಿಲ್ಲಲ್ಲ, ಮಾತೂ ನಿಲ್ಲಲ್ಲ. ಹರ್ಕೊಂಡ್ ಹೋಗತ್ತೆ." ಅವರು ನಿಮ್ಮನ್ನೂ ಕ್ಷಮಿಸಿಯಾರು. ನಾನು ಅಷ್ಟು ದೊಡ್ಡವಳಲ್ಲ. ನನಗೆ ಸೇಡು ಬೇಕಿತ್ತು. ಅದಕ್ಕೆ ನ್ಯಾಯ ಎಂಬ ಚಂದದ ಅಂಗಿ ತೊಡಿಸಿ ನಿಮ್ಮ ಮುಂದೆ ನಿಲ್ಲಿಸುವುದಿಲ್ಲ. ಸೇಡು ಎಂದೇ ಹೇಳುತ್ತೇನೆ.

ಹೋದ ತಿಂಗಳು ಕೆಜೆಕ್‌ನ ಹೊಸ ಆವೃತ್ತಿಯನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಇಟ್ಟೆವು. ನಮಗೆ ಗೊತ್ತಿತ್ತು, ಅರವತ್ತೆರಡು ಹಳ್ಳಿಗಳಿಂದ ದೂರು ಬಂದು ನಿಮಗೆ ಸಾಕಾಗಿದೆ, ರಿಪೇರಿ ಮಾಡುವುದು ನಿಮ್ಮ ಕೈಲಾಗುತ್ತಿಲ್ಲ. ಒಮ್ಮೆ ರುಚಿ ಕಂಡ ಬೆಕ್ಕು ಮತ್ತೆ ಅದೇ ನೆಲುವಿಗೆ ಹಾರುತ್ತದೆ ಎಂದು ಸ್ಲಾವಾ ಪಣ ಕಟ್ಟಿದ. ಹಾಗಂತ ನಾವು ಏನನ್ನೂ ಬಚ್ಚಿಡಲಿಲ್ಲ. ಹೊಸ ಆವೃತ್ತಿಯ ಟಿಪ್ಪಣಿಯನ್ನು ಕಿರ್ಗಿಜ್‌ನಲ್ಲೂ ರಷ್ಯನ್‌ನಲ್ಲೂ ಮೊದಲ ಪುಟದ ಮೊದಲ ಸಾಲಿನಿಂದಲೇ ಬರೆದೆವು: ಈ ಆವೃತ್ತಿ ಹೊಲಗಳ ನಡುವಿನ ಹದಿನೈದು ನಿಮಿಷವನ್ನು ಸರಿಯಾಗಿ ಲೆಕ್ಕ ಹಾಕುತ್ತದೆ, ತೆರೆಯುವಾಗ ಮಾಡಿದವರ ಹೆಸರುಗಳನ್ನೂ ಒಂದು ಪ್ರಕಟಣೆಯನ್ನೂ ಪರದೆಯ ಮೇಲೆ ತೋರಿಸುತ್ತದೆ, ಪ್ರಕಟಣೆ ಬೇಡವಾದವರು ನಲವತ್ತನೆಯ ಸಾಲನ್ನು ಅಳಿಸಬಹುದು. ಮಗುವಿಗೂ ತಿಳಿಯುವ ಭಾಷೆ.

ನಾಲ್ಕೇ ದಿನ. "ಸ್ಮಾರ್ಟ್ ನೀರು: ವೇಗದ ಹೊಸ ಆವೃತ್ತಿ" ಎಂದು ನಿಮ್ಮ ಸುತ್ತೋಲೆ ಹೊರಟಿತು. ನಿಮ್ಮವರು ಅಭ್ಯಾಸಬಲದಿಂದ ಹೆಸರುಗಳ ಹಳೆಯ ಪಟ್ಟಿಯನ್ನು ಅಳಿಸಿದರು, ಟಿಪ್ಪಣಿಯ ಪುಟವನ್ನು ಓದದೆ ಅಳಿಸಿದರು, ನಿಮ್ಮ ಲಾಂಛನ ಅಂಟಿಸಿದರು, ಒಂದೇ ಗುಂಡಿಯಲ್ಲಿ ಎಲ್ಲ ಯಂತ್ರಗಳಿಗೂ ಕಳಿಸಿದರು. ಒಂದು ಸಲವಾದರೂ ತೆರೆದು ನೋಡಲಿಲ್ಲ. ಹೆಸರುಗಳು ಈ ಸಲ ತಂತ್ರಾಂಶದ ಒಳಗೇ ಇದ್ದವು. ಸೋಮವಾರ ಬೆಳಿಗ್ಗೆ ಅರವತ್ತೆರಡು ಹಳ್ಳಿಗಳ ಬೀಗದ ಕೋಣೆಗಳು ತೆರೆದಾಗ, ನಿಮ್ಮ ಕಚೇರಿಯ ಹಜಾರದ ಗೋಡೆಯಷ್ಟಗಲದ ಪರದೆ ಬೆಳಗಿದಾಗ, ನಿಮ್ಮದೇ ಲಾಂಛನದ ಕೆಳಗೆ ನಿಮ್ಮ ಇಲಾಖೆಯೇ ಹೀಗೆ ಸಾರಿತು: "ಈ ಲೆಕ್ಕವನ್ನು ಕಾಲುವೆಯಲ್ಲಿ ನಡೆದು ಕಲಿಸಿಕೊಟ್ಟವರು ನೀರುಗಂಟಿ ಎಸೆನಾಲಿ. ಬರೆದವರು ಅನಾರ್ಕುಲ್ ಮತ್ತು ಸ್ಲಾವಾ. ಜುಲೈನಲ್ಲಿ ಕಾರಾ-ಬುಲುಂಗ್‌ನ ಐದು ಹೊಲಗಳಿಗೆ ನೀರು ತಪ್ಪಿಸಿದವರು ಎಸೆನಾಲಿ ಅಲ್ಲ, ಈ ಇಲಾಖೆ."

ಮಂಗಳವಾರ ನೀವು ಟೀವಿಗೆ ಬಂದಿರಿ. ಟೈ ಓರೆಯಾಗಿತ್ತು. "ನಮ್ಮ ವ್ಯವಸ್ಥೆಯ ಮೇಲೆ ದಾಳಿ ನಡೆದಿದೆ, ಹೊರಗಿನ ಶಕ್ತಿಗಳ ಕೈವಾಡವಿದೆ" ಎಂದಿರಿ. ನಿರ್ದೇಶಕರೇ, ಆ ಹೊರಗಿನ ಶಕ್ತಿ ಅಂದರೆ ಬ್ರೆಡ್ ಕಾರ್ಖಾನೆಯ ನಾನು ಮತ್ತು ಮಂಡಿನೋವಿನ ಸ್ಲಾವಾ. ನಿಮ್ಮ ಕೋಟೆಯ ಬಾಗಿಲು ಯಾರೂ ಮುರಿಯಲಿಲ್ಲ. ನೀವೇ ಬೀದಿಗಿಳಿದು ಬಂದು, ನಮ್ಮನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ, ನಡುಮನೆಯಲ್ಲಿ ಕೂರಿಸಿದಿರಿ. ಪೊಲೀಸರಿಗೆ ದೂರು ಕೊಟ್ಟಿದ್ದೀರಂತೆ, ಸಂತೋಷ. ದಾಳಿಕೋರರ ಕೋಡು ನಿಮ್ಮ ಸ್ವಂತ ಸೃಷ್ಟಿಯ ಒಳಗೆ ಹೇಗೆ ಬಂತು ಎಂದು ಅವರಿಗೆ ವಿವರಿಸುವಾಗ ನನ್ನನ್ನೂ ಕರೆಯಿರಿ, ಕೇಳುವ ಆಸೆಯಿದೆ. ಹೆಸರು ಒರೆಸಿದ ಗಳಿಗೆಯಿಂದ ಕೆಜೆಕ್ ಬಳಸುವ ಅನುಮತಿಯೇ ನಿಮಗಿಲ್ಲ ಎಂದು ಲೈಸೆನ್ಸ್ ಹೇಳುತ್ತದೆ. ಅದರ ಪ್ರತಿಯನ್ನೂ ತರುತ್ತೇನೆ.

ನಿನ್ನೆ ಬುಆಜಾರ್ ಎಜೆ ಫೋನು ಮಾಡಿದ್ದರು. "ಅನಾರ್ಕುಲ್, ಕಾರ್ಯದರ್ಶಿ ಪರದೆ ಮೇಲೆ ಟವೆಲ್ ಹೊದಿಸಿದ್ದ. ನಾನು ಕಿತ್ತು ಬಿಸಾಕಿದೀನಿ. ಬಾಗಿಲ ಹತ್ರ ಸ್ಟೂಲ್ ಹಾಕ್ಕೊಂಡು ಕೂತಿದೀನಿ. ಕನ್ನಡಕ ಮರೆತು ಬಂದೋರಿಗೆ ಓದಿ ಹೇಳ್ತಿದೀನಿ. ಅವನು ಯಂತ್ರ ಆಫ್ ಮಾಡಿದ್ರೆ ಆನ್ ಮಾಡು ಅಂತೀನಿ, ಆನ್ ಮಾಡಿದ್ರೆ ಮತ್ತೆ ಅದೇ ಬರತ್ತೆ!" ಎಂದು ನಗುತ್ತಿದ್ದವರು ಇದ್ದಕ್ಕಿದ್ದಂತೆ ಅತ್ತರು. "ಆ ಟೋಪಿ ಎಸೆದ ಕೈನ ಏನ್ ಮಾಡ್ಲಿ ಹೇಳು?" ಎಂದರು. ಆ ಪ್ರಶ್ನೆ ಕೇಳಿಕೊಳ್ಳಬೇಕಾದ ಕೈ ಅವರದೊಂದೇ ಅಲ್ಲ.

ನ್ಯಾಯಕೂಟದ ಹಿರಿಯರು ಮಾತ್ರ ಇನ್ನೂ ಅನುಮಾನದಲ್ಲಿದ್ದಾರೆ. ಅವರನ್ನು ದೂರಲಾರೆ. "ಪರದೆ ಮೇಲೆ ಬರೆದಿದ್ದು ಹುಡುಗೀನೋ, ಇಲಾಖೇನೋ? ಎಸೆನಾಲಿ ಕಳ್ಳ ಅಂತ ಇಲಾಖೆ ಕಾಗದ ಕಳಿಸಿದೆ. ಅಲ್ಲ ಅಂತ ಇಲಾಖೆಯೇ ಬಂದು ಹೇ‍ಳ್ಲಿ" ಎನ್ನುತ್ತಾರೆ. ಹಾಗಾಗಿ ನನ್ನ ಬೇಡಿಕೆ ಇದು. ಶುಕ್ರವಾರ ಹತ್ತು ಗಂಟೆಗೆ ನೀವೇ ಬರಬೇಕು. ಸಹಾಯಕರು ಬೇಡ, ಇಂಜಿನಿಯರ್ ಬೇಡ. ಕೊನೆಯ ಐದು ಹೊಲದವರ ಎದುರಿಗೆ, ಹಿರಿಯರ ಎದುರಿಗೆ, ತಪ್ಪು ನಮ್ಮದು ಎನ್ನಬೇಕು. ಎಸೆನಾಲಿಯವರನ್ನು ಅವರ ಕೆಲಸಕ್ಕೆ ಮರಳಿ ಕರೆಯಬೇಕು. ತಂತ್ರಾಂಶವನ್ನು ಮತ್ತೆ ಎಲ್ಲ ಯಂತ್ರಗಳಿಗೂ, ಎಲ್ಲರ ಫೋನುಗಳಿಗೂ ಬಿಡಬೇಕು. ಬಹುಮಾನ ನೀವೇ ಇಟ್ಟುಕೊಳ್ಳಿ. ಅದನ್ನು ನೋಡಿದಾಗಲೆಲ್ಲ ನಿಮಗೆ ಏನನ್ನಿಸುತ್ತದೋ ಅದು ನಿಮ್ಮಲ್ಲೇ ಇರಲಿ.

ಬರಲಾರೆ, ಪ್ರಕಟಣೆ ನಿಂತರೆ ಸಾಕು ಎನ್ನುತ್ತೀರಾ? ಅದಕ್ಕೆ ನನ್ನ ಅಪ್ಪಣೆ ಬೇಕಿಲ್ಲ, ಪೊಲೀಸರೂ ಬೇಕಿಲ್ಲ. ನಲವತ್ತನೆಯ ಸಾಲು ಅಳಿಸಿ. ಸರದಿಯ ಲೆಕ್ಕಕ್ಕೆ ಏನೂ ಆಗುವುದಿಲ್ಲ. ನಿಮ್ಮ ಮೇಲಿನ ಸಿಟ್ಟಿಗೆ ರೈತರ ನೀರಿನ ಜೊತೆ ಆಟವಾಡುವವಳು ನಾನಲ್ಲ. ಆದರೆ ಈ ಸಲ ಅಳಿಸುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸದೆ ನೀವೇ ಕೂತು ಮಾಡಿ. ಅದರ ಮೇಲೆ ಮೂವತ್ತೊಂಬತ್ತು ಸಾಲುಗಳಿವೆ. ಒಂದೊಂದು ತೂಬಿನಿಂದ ಮುಂದಿನ ತೂಬಿಗೆ ಎಷ್ಟು ಹೊತ್ತು, ಯಾಕೆ ಅಷ್ಟು ಹೊತ್ತು ಎಂದು ಸರಳವಾಗಿ ಬರೆದಿದೆ. ಮೊದಲು ಅವನ್ನು ಓದಿ. ಓದಿದ ಮೇಲೂ ಆ ಮನುಷ್ಯನನ್ನು ಕಳ್ಳ ಎನ್ನುವ ಎದೆ ನಿಮಗಿದ್ದರೆ, ಶುಕ್ರವಾರ ಬಂದು ಅವರ ಮುಖ ನೋಡಿ ಹೇಳಿ.

ಇಂತಿ,
ನಿಮ್ಮ ಕಚೇರಿಗಾಗಿ ಇಷ್ಟು ವರ್ಷ ಬಿಟ್ಟಿ ದುಡಿದದ್ದು ಟೀವಿ ನೋಡಿ ಗೊತ್ತಾದ,
ಅನಾರ್ಕುಲ್
(ಪೊಲೀಸರ ಅನುಕೂಲಕ್ಕೆ: ಬ್ರೆಡ್ ಕಾರ್ಖಾನೆ, ಎರಡನೇ ಗೇಟು, ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ. ಶುಕ್ರವಾರ ರಜೆ ಹಾಕಿದ್ದೇನೆ.)